ಹಸುಗೂಸಿಗೆ ದಿನಕ್ಕೆ ಎಷ್ಟು ಸಲ ಹಾಲು?

ಕೊರೋಚಿ, ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ಹೊತ್ತನ್ನು ಪಾಳಿಯಿಂದ ಅಳೆಯುವುದು ರೂಢಿ. ಆದರೆ ಹೊಸದಾಗಿ ಹುಟ್ಟಿದ ಕೂಸಿಗೆ ಯಾವ ಪಾಳಿಯೂ ತಿಳಿಯದು. ಈಗಷ್ಟೇ ಕುಡಿದು ಮಲಗಿದ ಮಗು ಒಂದು ತಾಸಿನೊಳಗೆ ಮತ್ತೆ ಬಾಯಿ ತೆರೆಯುತ್ತದೆ. "ತಾಯಿಗೆ ಹಾಲು ಸಾಲುತ್ತಿಲ್ಲ, ಡಬ್ಬಿಯ ಪುಡಿ ತರಿಸಿರಿ" ಎಂಬ ಮಾತು ಮನೆಯಲ್ಲಿ ಏಳುವುದು ಆಗಲೇ. ಬಾಣಂತಿಯ ಧೈರ್ಯ ಕುಗ್ಗುವುದೂ ಆಗಲೇ.

ಮೊದಲ ವಾರಗಳಲ್ಲಿ ಹಸುಗೂಸು ಹಗಲು ರಾತ್ರಿ ಸೇರಿ 24 ತಾಸುಗಳಲ್ಲಿ 8ರಿಂದ 12 ಸಲ ಕುಡಿಯುವುದು ಸಹಜ. ಮೊದಲ ದಿನ ಅದಕ್ಕೆ ಒಂದು ಸಲಕ್ಕೆ ಒಂದೆರಡು ಚಮಚ ಹಾಲು ಸಾಕು. ತಾಯಿಹಾಲು ಬೇಗ ಜೀರ್ಣವಾಗುವುದರಿಂದ ಬೇಗನೆ ಹಸಿವೂ ಆಗುತ್ತದೆ. ಮಗು ಕುಡಿದಷ್ಟೂ ಎದೆಯಲ್ಲಿ ಹಾಲು ಹೆಚ್ಚುತ್ತದೆ. ನಡುವೆ ಡಬ್ಬಿಯ ಹಾಲು ಕೊಟ್ಟರೆ ಮಗು ಎದೆಹಾಲು ಕುಡಿಯುವುದು ಕಡಿಮೆಯಾಗಿ, ಇಲ್ಲದಿದ್ದ ಕೊರತೆ ನಿಜವಾಗಿಬಿಡುತ್ತದೆ.

ಗಡಿಯಾರಕ್ಕಿಂತ ಮಗುವಿನ ಮುಖವನ್ನು ನೋಡಿರಿ. ಬಾಯಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ಒಯ್ಯುವುದು, ತಲೆ ಹೊರಳಿಸಿ ಹುಡುಕುವುದು ಹಸಿವಿನ ಸೂಚನೆಗಳು. ಅಳು ಬಹಳ ತಡವಾಗಿ ಬರುವ ಸೂಚನೆ. ಮೊದಲ ದಿನಗಳಲ್ಲಿ ಮಗು 3 ತಾಸು ಮೀರಿ ಮಲಗಿದರೆ ಮೆಲ್ಲನೆ ಎಬ್ಬಿಸಿ ಹಾಲೂಡಿಸಬೇಕು. ರಾತ್ರಿಯ ಹಾಲನ್ನೂ ತಪ್ಪಿಸಬಾರದು.

ಹುಟ್ಟಿದ ಒಂದು ತಾಸಿನೊಳಗೆ ಮೊದಲ ಹಾಲು ಸಿಗಲಿ. ಮರಾಠಿಯಲ್ಲಿ 'ಚೀಕ' ಎನ್ನುವ ಆ ಗಟ್ಟಿ ಹಳದಿ ಹಾಲು ರೋಗಗಳಿಂದ ಕಾಪಾಡುತ್ತದೆ. ಅದನ್ನು ಹಿಂಡಿ ಚೆಲ್ಲಬಾರದು. ಜೇನು, ಬೆಲ್ಲದ ನೀರು, ಗುಟ್ಟಿ ಬೇಡ. ಆರು ತಿಂಗಳ ತನಕ ಬೇಸಿಗೆಯಲ್ಲಿಯೂ ನೀರು ಬೇಕಾಗದು.

ಹಾಲು ಸಾಲುತ್ತಿದೆಯೇ ಎಂದು ತಿಳಿಯುವ ಬಗೆ ಸರಳ. ಐದನೆಯ ದಿನದಿಂದ ಮಗು ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಕುಡಿಯದಿದ್ದರೆ, ಮೈ ಹಳದಿಯಾಗುತ್ತ ಹೋದರೆ ತಡಮಾಡದೆ ದವಾಖಾನೆಗೆ ಹೋಗಿರಿ. ದವಾಖಾನೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಸಂದೇಹಗಳನ್ನು ಆಕೆಯ ಮುಂದಿಡಿರಿ. ಬಾಣಂತಿಗೆ ಮರಾಠಿ ಸರಿಯಾಗಿ ಬಾರದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಪಕ್ಕದಲ್ಲಿ ಕುಳಿತು ಆಕೆಯ ಮಾತನ್ನು ಕನ್ನಡದಲ್ಲಿ ತಿಳಿಸಲಿ.

ಕಾಯ್ದೆಯ ಪ್ರಕಾರ, ಕೆಲಸಕ್ಕೆ ಮರಳಿದ ತಾಯಿಗೆ ಮಗು 15 ತಿಂಗಳಿನದಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳು ಸಲ್ಲಬೇಕು. ಆದರೆ ನಾಲ್ಕಾರು ಮಗ್ಗಗಳ ಸಣ್ಣ ಶೆಡ್ಡಿಗೆ ಈ ಕಾಯ್ದೆ ತಲುಪುವುದಿಲ್ಲ. ಅಲ್ಲಿ ಆ ಬಿಡುವನ್ನು ಮನೆಯವರೇ ಕೊಡಬೇಕು. ದಿನಕ್ಕೆ ಹನ್ನೆರಡು ಸಲ ಹಾಲೂಡಿಸುವವಳಿಗೆ ರೊಟ್ಟಿ ಬಡಿಯಲು, ನೀರು ತುಂಬಲು ಹೊತ್ತೆಲ್ಲಿದೆ? ಆ ಕೆಲಸಗಳನ್ನು ಉಳಿದವರು ಹಂಚಿಕೊಂಡರೆ, ಹಾಲು ಸಾಲದೆಂಬ ಮಾತು ಎಷ್ಟೋ ಮನೆಗಳಲ್ಲಿ ಏಳುವುದೇ ಇಲ್ಲ.