ನೀವು ಉಂಡಿರೇನು?

ದೊಡ್ಡ ಸಭೆಗಳ ವೃತ್ತಾಂತವನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದುತ್ತೇವೆ. ಅಧ್ಯಕ್ಷರು ಏನು ನುಡಿದರು, ಯಾವ ನಿರ್ಣಯಗಳು ಸ್ವೀಕೃತವಾದವು, ಎಷ್ಟು ದೇಶಗಳ ಪ್ರತಿನಿಧಿಗಳು ದಯಮಾಡಿಸಿದ್ದರು ಎಂಬುದೆಲ್ಲವೂ ಅಲ್ಲಿರುತ್ತದೆ. ಬಾಗಿಲಲ್ಲಿ ನಿಂತು ನೀರು ಕೊಟ್ಟವರಾರು, ದಾರಿ ತಪ್ಪಿದವರನ್ನು ಬಿಡಾರಕ್ಕೆ ಮುಟ್ಟಿಸಿದವರಾರು ಎಂಬುದು ಮಾತ್ರ ಎಲ್ಲಿಯೂ ಬರುವುದಿಲ್ಲ; ಬರಬೇಕೆಂದು ಅವರು ಬಯಸುವುದೂ ಇಲ್ಲ. ಆ ಸ್ವಯಂಸೇವಕರ ವಿಷಯವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

2023ನೆಯ ಇಸವಿಯ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಮಂಡಲಿಯ ಮೂರನೆಯ ಸಭೆಯು ಹಂಪೆಯಲ್ಲಿ ನೆರೆದುದನ್ನು ವಾಚಕರು ಬಲ್ಲರು. ಆ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ತಮ್ಮ ಕಸೂತಿಯ 1755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಗೆ ಪಾತ್ರರಾದರು. ಈ ಸುದ್ದಿಯನ್ನು ಓದಿದಾಗ ಎಷ್ಟೋ ವರ್ಷಗಳ ಹಿಂದೆ ನಾವೂ ಎದೆಗೊಂದು ಪಟ್ಟಿ ಚುಚ್ಚಿಕೊಂಡು ಓಡಾಡಿದ ಒಂದು ವಿದ್ವತ್ಸಮ್ಮೇಳನವು ನೆನಪಾಯಿತು. ಅದು ಇಷ್ಟು ದೊಡ್ಡದಲ್ಲ. ಆದರೆ ಅಲ್ಲಿಗೂ ದೂರದೂರದ ದೇಶಗಳಿಂದ ಪಂಡಿತರು ಬಂದಿದ್ದರು.

ನಮಗೆ ವಹಿಸಿದ ಕೆಲಸವೇನೂ ಘನವಾದುದಲ್ಲ. ಹೆಸರಿನ ಪಟ್ಟಿಯನ್ನು ನೋಡಿ ಕೊಠಡಿಯ ಬೀಗದ ಕೈ ಕೊಡುವುದು, ಕುದಿಸಿ ಆರಿಸಿದ ನೀರನ್ನು ತುಂಬಿಡುವುದು, ಭಾಷಣದ ಹೊತ್ತಿಗೆ ಮರೆತುಹೋದ ಕನ್ನಡಕವನ್ನು ಹುಡುಕಿ ತರುವುದು, ಇಷ್ಟೇ. ಆದರೂ ಅದರ ಸುಖವನ್ನು ಅನುಭವಿಸಿದವರೇ ಬಲ್ಲರು. ಮುದುಕಿಯಾದ ಪರದೇಶದ ಪಂಡಿತೆಯೊಬ್ಬಳು ದೇವಾಲಯದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ತಳಮಳಿಸುತ್ತಿರುವಾಗ, ನಮ್ಮ ಸಂಗಡಿಗಳೊಬ್ಬಳು ತನ್ನ ಸೆರಗಿನ ಮೇಲಿನ ಶಾಲನ್ನು ತೆಗೆದು ಅವಳ ಕಾಲಡಿಗೆ ಹಾಸಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮರುದಿನ ಬೆಳಿಗ್ಗೆ ಆ ಪಂಡಿತೆಯು ಯಾರಿಂದಲೋ ಕಲಿತು ಬಂದು, “ನಮಸ್ಕಾರ, ತಂಗೀ” ಎಂದಳು. ಆ ಎರಡು ಶಬ್ದಗಳ ಸಂಬಳದಲ್ಲಿ ನಮ್ಮ ಸಂಗಡಿಗಳು ಮೂರು ದಿನ ದಣಿವನ್ನೇ ಕಾಣಲಿಲ್ಲ.

ಮೂರನೆಯ ದಿನ ಅತಿಥಿಗಳನ್ನು ತಳವಾರಘಟ್ಟದಿಂದ ಹೊಳೆ ದಾಟಿಸಿ ಆನೆಗೊಂದಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ತುಂಗಭದ್ರೆಯ ಹರಿಗೋಲು ಹೊರಗಿನವರಿಗೆ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗಾಲದ ಪ್ರವಾಸಿ ದೊಮಿಂಗೋ ಪಾಯೆಸನು ಇದನ್ನು ಬಣ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿರುವ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುವುದಾದರೂ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುವುದೆಂದು ಅವನು ಬರೆದನು. ಅರಮನೆಯ ವೈಭವವನ್ನು ಕಂಡ ಕಣ್ಣಿಗೆ ಬಡ ಅಂಬಿಗನ ಬುಟ್ಟಿಯೂ ಕಂಡಿತೆಂಬುದು ಅವನ ದೊಡ್ಡಸ್ತಿಕೆಯೆಂದೇ ನಾವು ತಿಳಿಯುತ್ತೇವೆ.

ನಮ್ಮ ಅತಿಥಿಗಳೂ ಹರಿಗೋಲು ಗಿರ್ರನೆ ತಿರುಗಿದಾಗ ಮೊದಲು ಬೆದರಿ, ಆಮೇಲೆ ಮಕ್ಕಳಂತೆ ನಕ್ಕರು. ಆನೆಗೊಂದಿಯಲ್ಲಿ ಗಗನಮಹಲನ್ನೂ ರಂಗನಾಥನ ಗುಡಿಯನ್ನೂ ನೋಡಿ, ಪಂಪಾಸರೋವರದ ದಂಡೆಯಲ್ಲಿ ಕುಳಿತು, ಮಧ್ಯಾಹ್ನ ಬಾಳೆಯೆಲೆಯ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ಸವಿದರು. ಎಲೆಗಳ ಲೆಕ್ಕವನ್ನು ನಾವೇ ಬರೆದಿದ್ದೆವು. ಅತಿಥಿಗಳಿಗೆ ಇಷ್ಟು, ಸ್ವಯಂಸೇವಕರಿಗೆ ಇಷ್ಟು, ವಾಹನ ನಡೆಯಿಸುವವರಿಗೆ ಇಷ್ಟು. ಒಂದು ಎಲೆಯೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ನಮ್ಮ ದಕ್ಷತೆಗೆ ನಾವೇ ಮೆಚ್ಚಿಕೊಂಡೆವು.

ಮೂರು ಗಂಟೆಯ ಸುಮಾರಿಗೆ ಹಿಂದಿರುಗುವ ಏರ್ಪಾಟು ನೋಡಲೆಂದು ಹೊಳೆಯ ದಂಡೆಗೆ ಬಂದರೆ, ಹರಿಗೋಲನ್ನು ಬೋರಲು ಹಾಕಿ ಅದರ ನೆರಳಿನಲ್ಲಿ ಅಂಬಿಗನು ಕುಳಿತಿದ್ದನು. ಬೆಳಗಿನಿಂದ ನಮ್ಮವರನ್ನು ದಾಟಿಸಿದವನು ಅವನೇ. ನಮ್ಮ ಲೆಕ್ಕದಲ್ಲಿ ಅವನ ಎಲೆ ಇರಲಿಲ್ಲ! ನಾವು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತು, “ಬಿಸಿಲಾಗ ಭಾಳ ಓಡಾಡೀರಿ. ನೀವು ಉಂಡಿರೇನ್ರೀ?” ಎಂದು ಕೇಳಿದನು. ಆ ಮಾತಿನಲ್ಲಿ ಕೊಂಕಿರಲಿಲ್ಲ. ತನ್ನ ಹೊಳೆಗೆ ಬಂದವರನ್ನು ಯಜಮಾನನು ವಿಚಾರಿಸುವ ರೀತಿಯೇ ಇದ್ದಿತು. ಅತಿಥಿ ಸತ್ಕಾರ ಮಾಡುತ್ತಿರುವವರು ನಾವೆಂದು ತಿಳಿದಿದ್ದೆವು. ಅಂದು ಅತಿಥಿಗಳು ನಾವೇ ಆಗಿದ್ದೆವು. ಓಡಿ ಹೋಗಿ ಅಡಿಗೆಯವರ ಬಳಿ ಉಳಿದಿದ್ದ ಎರಡು ರೊಟ್ಟಿಗಳನ್ನೂ ಒಂದು ಚಿಪ್ಪು ಬಾಳೆಯ ಹಣ್ಣನ್ನೂ ತಂದು ಕೊಟ್ಟೆವು. ಅವನು ಬೇಡವೆನ್ನದೆ ಉಂಡನು. ಒಂದು ಹಣ್ಣನ್ನು ಸುಲಿದು ನಮ್ಮ ಕೈಗೂ ಕೊಟ್ಟನು. ಆ ಸಮ್ಮೇಳನದ ಪ್ರಬಂಧಗಳಲ್ಲಿ ಒಂದೂ ಈಗ ನಮಗೆ ನೆನಪಿಲ್ಲ. ಆ ಹಣ್ಣಿನ ರುಚಿ ನೆನಪಿದೆ.

ಸೇವೆಯು ಕೀಳೆಂದು ತಿಳಿಯುವವರಿಗೆ ಒಂದು ಮಾತು. 1901ರ ಕಲ್ಕತ್ತೆಯ ಕಾಂಗ್ರೆಸ್ಸಿಗೆ ದಕ್ಷಿಣ ಆಫ್ರಿಕದಿಂದ ಬಂದ ತರುಣ ಬ್ಯಾರಿಸ್ಟರರೊಬ್ಬರು ಅಲ್ಲಿಯ ಕಾರ್ಯಾಲಯಕ್ಕೆ ತಾವಾಗಿಯೇ ಹೋಗಿ ಕೆಲಸ ಬೇಡಿದರು. ಕಾರ್ಯದರ್ಶಿ ಘೋಷಾಲಬಾಬುಗಳು ಪತ್ರಗಳ ರಾಶಿಯನ್ನು ಕೊಟ್ಟರು. ಅದನ್ನು ಮುಗಿಸಿದ್ದಲ್ಲದೆ ಅವರ ಅಂಗಿಯ ಗುಂಡಿಗಳನ್ನು ಹಾಕುವ ಕೆಲಸವನ್ನೂ ಆ ತರುಣರು ಸಂತೋಷದಿಂದ ಮಾಡಿದರು. ಅವರೇ ಗಾಂಧೀಜಿಯವರು. ಇಪ್ಪತ್ತಮೂರು ವರ್ಷಗಳ ತರುವಾಯ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷರಾದರು. ಆ ಅಧಿವೇಶನದ ನಗರಕ್ಕೆ ‘ವಿಜಯನಗರ’ವೆಂದು ಹೆಸರಿಟ್ಟು, ನೀರಿಗಾಗಿ ತೋಡಿಸಿದ ಬಾವಿಯನ್ನು ‘ಪಂಪಾಸರೋವರ’ವೆಂದು ಕರೆದರು. ಆನೆಗೊಂದಿಯ ಸರೋವರವು ಹೀಗೆ ಬೆಳಗಾವಿಗೂ ಹೋಗಿ ಬಾಯಾರಿದವರಿಗೆ ನೀರು ಕೊಟ್ಟಿತು. ಅಲ್ಲಿ ಡಾಕ್ಟರ್ ಹರ್ಡೀಕರರ ಸೇವಾದಳದ ತರುಣರು ದುಡಿದರು. ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಸ್ತ್ರೀಯರನ್ನು ಸೇವಿಕೆಯರಾಗಿ ಕರೆತಂದರು. ಹೊಸ್ತಿಲು ದಾಟಿ ಅರಿಯದ ಹೆಂಗಸರು ಸಾವಿರಾರು ಜನರ ನಡುವೆ ನಿಂತು ಕೆಲಸ ಮಾಡಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ, ಊರಿನಲ್ಲಿ ಸಮ್ಮೇಳನ ನಡೆದಾಗ ಮಕ್ಕಳನ್ನು ನೋಡಲಿಕ್ಕೆ ಮಾತ್ರ ಕಳಿಸದೆ, ದುಡಿಯಲಿಕ್ಕೂ ಕಳಿಸಿರಿ. ಪರದೇಶದವರೊಡನೆ ನಾಲ್ಕು ಮಾತನಾಡಿದರೆ ಅವರ ಸಂಕೋಚ ಬಿಡುತ್ತದೆ, ಲೋಕ ಹತ್ತಿರವಾಗುತ್ತದೆ. ಆದರೆ ಕಳಿಸುವಾಗ ಒಂದು ಮಾತನ್ನೂ ಹೇಳಿ ಕಳಿಸಿರಿ: ಎಲೆಯ ಲೆಕ್ಕ ಬರೆಯುವಾಗ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಮೊದಲು ನೆನೆಯಬೇಕು. ಕಸ ಗುಡಿಸುವವಳು, ದೀಪ ಹಚ್ಚುವವನು, ಹುಟ್ಟು ಹಾಕುವವನು, ಇವರು ಉಂಡ ಮೇಲೆಯೇ ಊಟ ಮುಗಿಯಿತೆನ್ನಬೇಕು.

ಇನ್ನೊಂದು ಮಾತು. ಪ್ರತಿನಿಧಿಗಳು ಬಂದ ನಾಲ್ಕು ದಿನ ಬೀದಿಗಳು ಥಳಥಳಿಸುತ್ತವೆ. ಅವರು ಹೋದ ಮೇಲೆ ನಮ್ಮ ಉತ್ಸಾಹವೂ ಅವರ ಸಂಗಡವೇ ಗಾಡಿ ಹತ್ತುತ್ತದೆ. ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದ ಸಾವಿರಾರು ಭಕ್ತರು ಬಂದು ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುತ್ತಾರೆ. ಅವರಲ್ಲಿ ಮುದುಕರಿದ್ದಾರೆ, ಕೂಸನ್ನು ಕಂಕುಳಲ್ಲಿ ಹೊತ್ತ ತಾಯಂದಿರಿದ್ದಾರೆ. ಅವರ ಎದೆಯ ಮೇಲೆ ಯಾವ ರಾಷ್ಟ್ರದ ಪಟ್ಟಿಯೂ ಇರುವುದಿಲ್ಲ. ಆದರೆ ಬಾಯಾರಿಕೆ ಅದೇ. ಸಮ್ಮೇಳನಕ್ಕೆಂದು ಕೊಂಡ ನೀರಿನ ಹಂಡೆ ಅಟ್ಟದ ಮೇಲಿದ್ದರೆ ಅದನ್ನು ಇಳಿಸಿ, ತೊಳೆದು, ತುಂಬಿ, ಮೆಟ್ಟಿಲ ಬುಡದಲ್ಲಿ ಇಡೋಣ. ನೀರು ಕುಡಿದವರು ಕೃತಜ್ಞತೆಯನ್ನು ಹೇಳದೆ ಹೋಗಬಹುದು. ಹೋಗಲಿ. ಅವರು ಮೆಟ್ಟಿಲು ಹತ್ತುವುದಕ್ಕೆ ಮೊದಲು ತಿರುಗಿ ನಮ್ಮನ್ನೇ “ನೀವು ಉಂಡಿರೇನು?” ಎಂದು ಕೇಳಿದರೂ ಆಶ್ಚರ್ಯವಿಲ್ಲ. ನಮ್ಮ ನಾಡಿನ ಜನರೇ ಹಾಗೆ.