ಮೊದಲು ಬೇಸಾಯ, ಆಮೇಲೆ ಅತಿಥಿ

ಮಕ್ಕಳೇ, ಇಟಲಿ ಪ್ರವಾಸ ಹೊರಟರೆ ರೋಮ್, ವೆನಿಸ್‌ಗಳ ಗಡಿಬಿಡಿಯ ನಡುವೆ ಟಸ್ಕನಿಯ ಹಳ್ಳಿಗೂ ಎರಡು ದಿನ ಇಟ್ಟುಕೊಳ್ಳಿ. ರೈತರ ಜಮೀನಿನಲ್ಲೇ ತಂಗುವ ಈ ಏರ್ಪಾಡಿಗೆ ಅಲ್ಲಿ ‘ಅಗ್ರಿತುರಿಸ್ಮೊ’ ಎಂದು ಹೆಸರು. ಕೋಳಿ ಕೂಗಿಗೆ ಎದ್ದು ಕುರಿಗಳಿಗೆ ಮೇವು ಹಾಕಿ. ಸಂಜೆ ಕಿಯಾಂತಿ ವೈನ್ ರುಚಿ ನೋಡಬಹುದು. ಅದರಲ್ಲಿ ನೂರಕ್ಕೆ 70 ಪಾಲಾದರೂ ಸಾಂಜೊವೆಸೆ ದ್ರಾಕ್ಷಿ ಇರಲೇಬೇಕು. ವೈನ್ ಒಲ್ಲದವರಿಗೆ ಕುರಿಹಾಲಿನ ಪೆಕೊರಿನೊ ಚೀಸ್ ಇದ್ದೇ ಇದೆ.

ಜನ ಪಟ್ಟಣ ಸೇರಿ ಹೊಲಗಳು ಪಾಳುಬಿದ್ದ ದೇಶ ಅದು. ರೈತ ಊರಲ್ಲೇ ನಿಲ್ಲಲೆಂದು 1985ರಲ್ಲಿ ಇದಕ್ಕೆ ಕಾನೂನು ಮಾಡಿದರು. 2006ರಲ್ಲಿ ಹೊಸದು ಬಂತು. ಷರತ್ತು ಒಂದೇ: ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಬರೀ ಕೋಣೆ ಬಾಡಿಗೆಗೆ ಕೊಟ್ಟರೆ ಸಾಲದು.

ಊರಿನ ಅಜ್ಜನ ಮನೆ, ಗದ್ದೆ ಮಾರುವ ಮಾತು ನಿಮ್ಮಲ್ಲೂ ಎದ್ದೀತು. ಆಗ ಸುಮ್ಮನಿರಬೇಡಿ, ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ಹಿರಿಯರನ್ನು ಕೇಳಿ.