ಮನೆಯವರ ಹಾಗೆ ಅಂದರೆ ಸಾಲದು

"ಅವಳು ನಮ್ಮ ಮನೆಯವಳ ಹಾಗೇ." ಪುಣೆಯ ನಮ್ಮ ಕನ್ನಡ ಗೆಳೆಯರ ನಡುವೆ ಮಗು ನೋಡಿಕೊಳ್ಳುವವರ ಮಾತು ಬಂದಾಗಲೆಲ್ಲ ಈ ವಾಕ್ಯ ಬಂದೇ ಬರುತ್ತದೆ. ಇಲ್ಲಿ ಅವರನ್ನು ಕರೆಯುವುದೂ 'ಮಾವಶಿ' ಎಂದೇ. ಮರಾಠಿಯಲ್ಲಿ ಹಾಗೆಂದರೆ ತಾಯಿಯ ಅಕ್ಕ ಅಥವಾ ತಂಗಿ. ಆದರೆ ದೀಪಾವಳಿಗೆ ನಾವು ಹದಿನೈದು ದಿನ ಊರಿಗೆ ಹೋದರೆ ಆ ಮಾವಶಿಯ ಅರ್ಧ ಸಂಬಳ ಹೋಗುತ್ತದೆ. ನಾನೂ ಒಮ್ಮೆ ಹಾಗೆ ಕತ್ತರಿಸಿದ್ದೇನೆ. ರಜೆ ಹಾಕಿದ್ದು ನಾನು, ದುಡ್ಡು ಹೋದದ್ದು ಅವರದು.

ಆಫರ್ ಲೆಟರ್ ಇಲ್ಲದೆ ನಾವು ಒಂದು ದಿನವೂ ಕೆಲಸಕ್ಕೆ ಹೋಗುವವರಲ್ಲ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದಾಗ ಖುಷಿಪಟ್ಟೆವು. ಆ ರಜೆ ಮುಗಿದ ಮೇಲೆ ಮತ್ತೆ ಆಫೀಸಿಗೆ ಹೋಗಲು ಆದದ್ದು, ಮಾವಶಿ ಬೆಳಿಗ್ಗೆ ಎಂಟಕ್ಕೆ ಬಂದು ಬೆಲ್ ಒತ್ತಿದ್ದರಿಂದ. ಅವರಿಗೆ ಮಾತ್ರ ಹೆರಿಗೆ ರಜೆಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಆ ಕಾನೂನುಗಳ ಕಣ್ಣಿಗೆ ನಮ್ಮ ಫ್ಲ್ಯಾಟು ಒಂದು ಸಂಸ್ಥೆಯೇ ಅಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆಂದು ಕಾಯ್ದೆ ತಂದಿತು. ಸರ್ಕಾರದ ಕಡತದಲ್ಲಿ ಇಷ್ಟಾದರೂ ಇದೆ. ನಮ್ಮ ಮನೆಯಲ್ಲಿ ಒಂದು ಚೀಟಿಯೂ ಇಲ್ಲ.

"ಸಾವಿರ ರೂಪಾಯಿ ಹೆಚ್ಚು ಸಿಕ್ಕರೆ ಬಿಟ್ಟು ಹೋಗುತ್ತಾರೆ" ಎಂಬುದು ನಮ್ಮ ದೂರು. ಮೂವತ್ತು ಪರ್ಸೆಂಟ್ ಹೈಕ್ ಸಿಕ್ಕರೆ ಕಂಪನಿ ಬದಲಿಸುವ ನಾವು ಈ ಮಾತು ಆಡುತ್ತೇವೆ!

ಬೇಕಾದದ್ದು ಒಂದೇ ಹಾಳೆ. ಕೆಲಸ ಎಷ್ಟರಿಂದ ಎಷ್ಟರವರೆಗೆ, ಟ್ರಾಫಿಕ್‌ನಲ್ಲಿ ನಾವು ತಡವಾದರೆ ಗಂಟೆಗೆ ಎಷ್ಟು, ವಾರಕ್ಕೊಂದು ರಜೆ, ಜ್ವರ ಬಂದರೆ ಸಂಬಳ ಸಹಿತ ರಜೆ, ವರ್ಷಕ್ಕೊಮ್ಮೆ ಏರಿಕೆ, ನಾವು ಊರಿಗೆ ಹೋದರೂ ಪೂರ್ತಿ ಸಂಬಳ, ಬಿಡುವುದಾದರೆ ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸು. ಪಾತ್ರೆ, ಬಟ್ಟೆ ಅವರ ಕೆಲಸವೋ ಅಲ್ಲವೋ, ಅದನ್ನೂ ಬರೆಯಿರಿ.

ಮಗು ಶಾಲೆಗೆ ಸೇರಿದೊಡನೆ ಒಂದು ಸೀರೆ, ಎರಡು ಸಾವಿರ ರೂಪಾಯಿ, ಕಣ್ಣೀರು ಕೊಟ್ಟು ಕಳಿಸುವುದು ನಮ್ಮ ರೂಢಿ. ತಿಂಗಳಿಗೆ 15,000ದಂತೆ ಐದು ವರ್ಷ ದುಡಿದವರಿಗೆ, ನಮಗೆ ಸಿಗುವ ಗ್ರಾಚ್ಯುಟಿಯ ಲೆಕ್ಕವನ್ನೇ ಹಿಡಿದರೆ 43,000 ದಾಟುತ್ತದೆ. ಸೀರೆ ಕೊಡಿ, ಬೇಡವೆನ್ನುವುದಿಲ್ಲ. ಇದನ್ನು ಕೊಟ್ಟ ಮೇಲೆ ಕೊಡಿ.

ಬರುವ ಒಂದನೇ ತಾರೀಕು ಅವರನ್ನು ಸೋಫಾದ ಮೇಲೆ ಕೂರಿಸಿ, ಚಹಾ ಕೊಟ್ಟು, ಆ ಹಾಳೆಯನ್ನು ಜೊತೆಯಾಗಿ ಬರೆಯಿರಿ. ಓದಲು ಬಾರದಿದ್ದರೆ ಓದಿ ಹೇಳಿ, ಮರಾಠಿಯಲ್ಲಿ. ಅವರು ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರಾದರೆ ನಮ್ಮ ಕನ್ನಡದಲ್ಲೇ.